ಬೆಳ್ಳಿ ಬಣ್ಣದ ಟವರ್

ಪಕ್ಕದ ಮನೆಯವರು ಹೇಳದೆ ಕೇಳದೆ ತಮ್ಮ ಹಿತ್ತಿಲಿನ ದೊಡ್ಡ ಮರ ಕಡಿಸಿದ ದಿನ ಕನ್ನಡಕದಕ್ಕನ ರೇಡಿಯೋಗೆ ಬೀಗ ಬಿತ್ತು. ಅವಳ ಬಾಯಿಗಲ್ಲ, ಅದಕ್ಕೆ ಬೀಗ ಹಾಕುವವರು ಆ ಬೀದಿಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಆ ಮರಕ್ಕೂ ಅವಳ ಮನೆಯ ನೀರಿನ ಟ್ಯಾಂಕಿಗೂ ನಡುವೆ ಒಂದು ತಾಮ್ರದ ತಂತಿ ಬಿಗಿದಿತ್ತು. ನೋಡಿದವರು ಅದನ್ನು ಬಟ್ಟೆ ಒಣಹಾಕುವ ತಂತಿ ಅಂದುಕೊಳ್ಳುತ್ತಿದ್ದರು. ಅದು ಅವಳ ಆಂಟೆನಾ. ಆ ಒಂದು ಎಳೆಯನ್ನು ನಂಬಿಕೊಂಡು ಅವಳು ಎಷ್ಟೋ ವರ್ಷಗಳಿಂದ ಸಮುದ್ರದಾಚೆಯ ಗುರುತು ಪರಿಚಯವಿಲ್ಲದ ಜನರ ಜೊತೆ ಹರಟಿದ್ದಳು. ಸಂಜೆ ಅಂಗಡಿ ಮುಚ್ಚಿ ಬಂದು ನೋಡಿದರೆ ತಂತಿ ಅಂಗಳದಲ್ಲಿ ಸುರುಳಿ ಸುತ್ತಿಕೊಂಡು ಬಿದ್ದಿತ್ತು. ಪಕ್ಕದ ಮನೆಯಾತ ಗೋಡೆಯ ಮೇಲಿಂದ ಇಣುಕಿ, "ಎಲೆ ಉದುರ್ತಿತ್ತು ಮೇಡಂ, ಗುಡಿಸಿ ಗುಡಿಸಿ ಸಾಕಾಗಿತ್ತು," ಅಂದ.

"ತಲೆಕೂದಲೂ ಉದುರತ್ತೆ. ತಲೇನೇ ತೆಗೆಸಿಬಿಡಿ," ಅಂದವಳೇ ಕನ್ನಡಕದಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾಲ್ಕು ರಸ್ತೆ ಕೂಡುವಲ್ಲಿ ಅವಳದೊಂದು ಕನ್ನಡಕದ ಅಂಗಡಿ ಇತ್ತು. ಕಣ್ಣು ಪರೀಕ್ಷೆ ಮಾಡುವವಳೂ ಅವಳೇ, ಗಾಜು ಕೂರಿಸುವವಳೂ ಅವಳೇ, ಬಂದವರಿಗೆ ಬುದ್ಧಿ ಹೇಳುವವಳೂ ಅವಳೇ. ಕಣ್ಣು ಮಂಜಾದರೂ ಚಿಂತೆಯಿಲ್ಲ, ಫ್ರೇಮು ಮುಖಕ್ಕೆ ಒಪ್ಪಬೇಕು ಅಂತ ಗಂಟೆಗಟ್ಟಲೆ ಕನ್ನಡಿ ನೋಡುವ ಗಿರಾಕಿಗಳನ್ನು ಕಂಡರೆ ಅವಳ ತುಟಿಯ ಒಂದು ಕೊನೆ ತಾನಾಗಿ ಕೆಳಗೆ ಇಳಿಯುತ್ತಿತ್ತು. ಆ ತುಟಿ ಹೆಚ್ಚಿನ ಹೊತ್ತು ಇಳಿದೇ ಇರುತ್ತಿತ್ತು ಅನ್ನುವುದು ಬೇರೆ ಮಾತು. ಗಂಡ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ದಿನವಿಡೀ ಊರವರ ಅಕ್ಷರದ ತಪ್ಪು ಹುಡುಕಿ ಹುಡುಕಿ, ಮನೆಗೆ ಬಂದ ಮೇಲೆ ಯಾರ ತಪ್ಪನ್ನೂ ಹುಡುಕಲು ಅವನಿಗೆ ಶಕ್ತಿ ಉಳಿಯುತ್ತಿರಲಿಲ್ಲ. ಆ ಕೆಲಸವನ್ನು ಹೆಂಡತಿಗೆ ಬಿಟ್ಟುಕೊಟ್ಟಿದ್ದ.

"ಕ್ಲಬ್ಬಿನವರನ್ನ ಒಂದು ಮಾತು ಕೇಳಬಾರದಾ?" ಅಂದ ಅವನು ಊಟದ ಹೊತ್ತಿಗೆ. "ಮರದ ಬದಲು ಆಂಟೆನಾ ಹೊರೋಕೆ ಟವರ್ ಅಂದ್ರೆ ಸಣ್ಣ ವಿಷಯ ಅಲ್ಲ. ಯಾವುದು ತಗೋಬೇಕು, ಎಲ್ಲಿ ಸಿಗತ್ತೆ, ನಾಲ್ಕು ಜನ ಹೇಳಿದ್ರೆ ಒಳ್ಳೇದಲ್ವಾ?"

"ಆ ನಾಲ್ಕು ಜನದಲ್ಲಿ ಮೂರು ಜನ ಏಣಿ ಹತ್ತಿದವರಲ್ಲ ರೀ. ನಾಲ್ಕನೆಯವನು ಹತ್ತಿ ಇಳಿಯೋಕೆ ಬಾರದೆ ಕೂತವನು."

ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವವರ ಆ ಹ್ಯಾಮ್ ರೇಡಿಯೋ ಕ್ಲಬ್ಬಿನ ಬಗ್ಗೆ ಅವಳ ಅಭಿಪ್ರಾಯ ಗಟ್ಟಿಯಾಗಿ ಕೂತುಬಿಟ್ಟಿತ್ತು. ಇವರು ರೇಡಿಯೋ ಕೊಳ್ಳುತ್ತಾರೆ; ಕೊಂಡು, ಇನ್ನೊಬ್ಬ ರೇಡಿಯೋ ಕೊಂಡವನ ಜೊತೆ ರೇಡಿಯೋ ಬಗ್ಗೆಯೇ ಮಾತಾಡುತ್ತಾರೆ. ಫೋನ್ ಕೊಂಡವನೊಬ್ಬ ಎಲ್ಲರಿಗೂ ಫೋನ್ ಮಾಡಿ, ನಾನು ಫೋನ್ ಕೊಂಡೆ ಅಂತ ಹೇಳಿದ ಹಾಗೆ. ಆದರೂ ಗಂಡನ ಮಾತು ತೆಗೆದುಹಾಕಲಾರದೆ ಒಂದು ಸಂದೇಶ ಕಳಿಸಿದಳು. ಕಳಿಸಿದ ತಪ್ಪಿಗೆ ಭಾನುವಾರ ಬೆಳಿಗ್ಗೆ ಇಡೀ ಕ್ಲಬ್ಬೇ ಅವಳ ಅಂಗಳದಲ್ಲಿ ಬಂದು ನಿಂತಿತು.

ಮುಂದೆ ಅಧ್ಯಕ್ಷ. ಬಚ್ಚಲಮನೆ ಟೈಲ್ಸ್ ಮಾರುವ ದೊಡ್ಡ ಅಂಗಡಿ ಅವನದು. ಕೈ ಹಿಂದೆ ಕಟ್ಟಿ, ಹೊಟ್ಟೆ ಮುಂದೆ ಬಿಟ್ಟು, ತನ್ನನ್ನು ತಾನೇ "ನಾವು" ಅಂತ ಕರೆದುಕೊಳ್ಳುತ್ತಾ ನಡೆಯುವವನು. ಅವನ ಪಕ್ಕದಲ್ಲಿ, ಅರ್ಧ ಹೆಜ್ಜೆ ಹಿಂದೆ, ಔಷಧದ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬ ಸಣ್ಣ ವಯಸ್ಸಿನ ಗೃಹಸ್ಥ. ಅಧ್ಯಕ್ಷ ಕೆಮ್ಮಿದರೂ "ಹೂಂ ಸಾರ್" ಅನ್ನುತ್ತಿದ್ದುದರಿಂದ ಕನ್ನಡಕದಕ್ಕ ಅವನಿಗೆ ಹೂಂಸಾರ್ ಅಂತಲೇ ಹೆಸರಿಟ್ಟಿದ್ದಳು. ಹಿಂದಿನಿಂದ ಹಡಗಜ್ಜ, ಹಡಗುಗಳಲ್ಲಿ ವೈರ್‌ಲೆಸ್ ನಡೆಸಿ ನಿವೃತ್ತನಾದವನು, ಒಂದು ಕಿವಿ ಮಂದ. ಇನ್ನುಳಿದವರು ಚಹಾಕ್ಕೆ ಬಂದವರು.

"ತನ್ನ ಕಾಲ ಮೇಲೆ ತಾನೇ ನಿಲ್ಲೋ ಟವರ್ ಆಗಬೇಕು," ಅಂದ ಅಧ್ಯಕ್ಷ ಆಕಾಶ ನೋಡುತ್ತಾ. "ನಾವು ಹಾಕಿಸಿರೋದು ಅದೇ."

"ಹೂಂ ಸಾರ್."

"ಎಳೆತಂತಿ ಇಲ್ಲದ ಟವರ್ ಟವರೇ ಅಲ್ಲ!" ಹಡಗಜ್ಜ ಕೂಗಿದ. ಅವನಿಗೆ ಮೆಲ್ಲಗೆ ಮಾತಾಡುವುದು ಮರೆತುಹೋಗಿತ್ತು. "ಹಡಗಿನ ಕಂಬ ನೋಡಿದ್ದೀಯೇನಯ್ಯ? ಮೂರು ಕಡೆಯಿಂದ ಬಿಗಿದಿರತ್ತೆ. ಇಲ್ಲದಿದ್ರೆ ಒಂದೇ ಗಾಳಿಗೆ ಮಲಗತ್ತೆ."

ಮೋಟರಿನಲ್ಲಿ ಮೇಲೇಳುವ ಕಂಬ ಒಳ್ಳೆಯದೆಂದು ಇನ್ನೊಬ್ಬ, ಅಲ್ಯೂಮಿನಿಯಂ ಒಳ್ಳೆಯದೆಂದು ಮತ್ತೊಬ್ಬ. ಚಹಾ ಆರಿತು, ವಾದ ಆರಲಿಲ್ಲ. ಅಂಗಳ ಎಷ್ಟು ಅಗಲ ಇದೆ ಅಂತ ಒಬ್ಬನೂ ಕೇಳಲಿಲ್ಲ. ಮೇಲೆ ಯಾವ ಆಂಟೆನಾ ಕೂರಿಸುತ್ತೀರಿ, ಅದರ ಮೈಗೆ ಎಷ್ಟು ಗಾಳಿ ಬಡಿಯತ್ತೆ ಅಂತಲೂ ಕೇಳಲಿಲ್ಲ. ಟವರ್ ಆರಿಸಲು ಬೇಕಾದ ಪ್ರಶ್ನೆಗಳು ಅವೆರಡೇ.

"ಅಜ್ಜಾ," ಅಂದಳು ಕನ್ನಡಕದಕ್ಕ ಗಟ್ಟಿಯಾಗಿ, "ನೀವು ಹೇಳಿದ ಹಾಗೆ ಮೂರು ಕಡೆ ತಂತಿ ಎಳೆದ್ರೆ ಒಂದು ಗೂಟ ಪಕ್ಕದ ಮನೆ ಅಡಿಗೆಮನೇಲಿ ಹೊಡೀಬೇಕಾಗತ್ತೆ. ನನಗೇನೋ ಸಂತೋಷವೇ. ಅವರು ಒಪ್ಪಬೇಕಲ್ಲ."

ಹಡಗಜ್ಜ ನಕ್ಕುಬಿಟ್ಟ. ಉಳಿದವರು ಅಧ್ಯಕ್ಷನ ಮುಖ ನೋಡಿದರು, ನಗಬಹುದೋ ಬಾರದೋ ಅಂತ. ಅಧ್ಯಕ್ಷ ನಗಲಿಲ್ಲ. ಗಂಟಲು ಸರಿಮಾಡಿಕೊಂಡು ಘೋಷಣೆ ಮಾಡಿದ: "ಇಷ್ಟೆಲ್ಲ ಯಾಕೆ? ನಮ್ಮ ಹಳೇ ಟವರ್ ಇಳಿಸಿ ಇಟ್ಟಿದ್ದೀವಿ. ಮೂರು ಕಾಲಿನದು, ಒಳ್ಳೇ ಮಾಲು. ಕ್ಲಬ್ಬಿನ ಸದಸ್ಯರಿಗೆ ಅಂದ್ರೆ ಸುಮ್ನೆ ಕೊಡ್ತೀವಿ. ಬುಡದಲ್ಲಿ ನಮ್ಮ ಹೆಸರಿನ ಒಂದು ಸಣ್ಣ ಬೋರ್ಡ್ ಇದ್ರೆ ಸಾಕು."

"ದೊಡ್ಡ ಮನಸ್ಸು ಸಾರ್ ನಿಮ್ಮದು," ಅಂದ ಹೂಂಸಾರ್. ಅವನ ಕಣ್ಣಲ್ಲಿ ನಿಜವಾಗಿಯೂ ನೀರು ಬಂದಿತ್ತು. ಕನ್ನಡಕದಕ್ಕನಿಗೆ ಹೇಸಿಗೆಯಾಯಿತು.

ಆದರೂ ನೋಡದೆ ಬೇಡ ಅನ್ನುವವಳಲ್ಲ ಅವಳು. ಟೈಲ್ಸ್ ಅಂಗಡಿಯ ಹಿಂದಿನ ಗೋದಾಮಿಗೆ ಹೋದಳು. ಒಡೆದ ಬೇಸಿನ್ನುಗಳ ಪಕ್ಕದಲ್ಲಿ ಟವರಿನ ತುಂಡುಗಳನ್ನು ಸಾಲಾಗಿ ಮಲಗಿಸಿದ್ದರು. ಬೆಳ್ಳಿ ಬಣ್ಣ ಫಳಫಳ ಹೊಳೆಯುತ್ತಿತ್ತು. ಅದರ ವಾಸನೆ ಇನ್ನೂ ಮೂಗಿಗೆ ಹೊಡೆಯುತ್ತಿತ್ತು. ಅಧ್ಯಕ್ಷ ಪಕ್ಕದಲ್ಲಿ ನಿಂತು ಇದು ಎಂಥೆಂಥ ಬಿರುಗಾಳಿ ಕಂಡಿದೆ ಅಂತ ವರ್ಣಿಸುತ್ತಿದ್ದ.

ಅವಳು ಬುಡದ ತುಂಡಿನ ಹತ್ತಿರ ಕುಕ್ಕರುಗಾಲಲ್ಲಿ ಕೂತಳು. ಇಂಥ ಟವರಿನ ಕಾಲುಗಳು ಟೊಳ್ಳು ಕೊಳವೆ. ಮಳೆನೀರು ಹೇಗೋ ಒಳಗೆ ಇಳಿದೇ ಇಳಿಯತ್ತೆ. ಅದು ಸೋರಿಹೋಗಲಿ ಅಂತ ಬುಡದಲ್ಲಿ ಒಂದು ಸಣ್ಣ ತೂತು ಬಿಟ್ಟಿರುತ್ತಾರೆ. ಈ ಟವರನ್ನು ಮೊದಲು ನಿಲ್ಲಿಸಿದವರು ಆ ತೂತನ್ನೇ ಕಾಂಕ್ರೀಟಿನಲ್ಲಿ ಹೂತುಬಿಟ್ಟಿದ್ದರು. ಸಿಮೆಂಟಿನ ಕಲೆ ಬಣ್ಣದ ಅಡಿಯಿಂದಲೂ ಕಾಣುತ್ತಿತ್ತು. ವರ್ಷಗಟ್ಟಲೆ ನೀರು ಕೊಳವೆಯೊಳಗೇ ನಿಂತು, ಹೊರಗೆ ಯಾರಿಗೂ ತಿಳಿಯದ ಹಾಗೆ ಒಳಗಿಂದ ಕಬ್ಬಿಣವನ್ನು ತಿಂದಿತ್ತು. ಬೀಗದ ಕೈಯಿಂದ ತಟ್ಟಿದಳು. ಮೇಲ್ಭಾಗ ಠಣ್ ಅಂತು. ಕೆಳಗೆ ಬರುತ್ತಾ ಬರುತ್ತಾ ಥಪ್ ಥಪ್, ನೆಂದ ರಟ್ಟಿಗೆ ಬಡಿದ ಹಾಗೆ. ಉಗುರಿನಿಂದ ಕೆರೆದರೆ ಬಣ್ಣದಡಿ ಬಿಳಿ ಪುಟ್ಟಿ.

ತಲೆ ಎತ್ತಿ ಅಧ್ಯಕ್ಷನನ್ನು ನೋಡಿದಳು. ಅವನು ಗೋಡೆಯ ಮೇಲಿನ ಹಲ್ಲಿ ನೋಡುತ್ತಿದ್ದ. ಅವನಿಗೆ ಗೊತ್ತಿತ್ತು. ಅದು ಅವಳಿಗೂ ಗೊತ್ತಾಯಿತು.

"ಚೆನ್ನಾಗಿ ಮೇಕಪ್ ಮಾಡಿಸಿದ್ದೀರಿ," ಅಂದಳು ಎದ್ದು ಕೈ ಒರೆಸಿಕೊಳ್ಳುತ್ತಾ. "ಗಂಡು ಹುಡುಕ್ತಿದ್ದೀರಾ ಇದಕ್ಕೆ?"

ಅಧ್ಯಕ್ಷನ ಕಿವಿ ಕೆಂಪಾಯಿತು. "ಬೇಡ ಅಂದ್ರೆ ಬೇಡ ಅನ್ನಿ. ಕೊಂಕು ಮಾತು ಯಾಕೆ?"

"ಬೇಡ," ಅಂದು ಬಂದುಬಿಟ್ಟಳು.

ಮನೆಯಲ್ಲಿ ಆ ಪ್ರಸಂಗವನ್ನು ಗಂಡನಿಗೆ ಅಭಿನಯ ಸಮೇತ ಹೇಳಿ ನಕ್ಕಳು. ಅವನೂ ನಕ್ಕ. ನಕ್ಕು ಮುಗಿದ ಮೇಲೆ ಕೇಳಿದ, "ಕ್ಲಬ್ಬಿನ ಉಳಿದವರಿಗೆ ಹೇಳಿದೆಯಾ?"

"ಯಾಕೆ, ಅವರಿಗೆ ಕಣ್ಣಿಲ್ವಾ? ಇಲ್ಲದಿದ್ರೆ ಅಂಗಡಿಗೆ ಬರಲಿ, ಪರೀಕ್ಷೆ ಮಾಡ್ತೀನಿ."

ಆ ಮಾತನ್ನು ಅಲ್ಲಿಗೇ ಬಿಟ್ಟು ಅವಳು ತನ್ನ ಟವರ್ ಹುಡುಕಲು ಹೊರಟಳು. ಮೊದಲು ಒಂದು ಶೋರೂಮು. ಗಾಜಿನ ಬಾಗಿಲು, ತಣ್ಣನೆ ಗಾಳಿ, ಟೈ ಕಟ್ಟಿದ ಮಾರಾಟಗಾರ. ಅವನು ಲ್ಯಾಪ್‌ಟಾಪ್ ತೆರೆದು, ಒಂದರೊಳಗೊಂದು ಸೇರಿಕೊಳ್ಳುವ ಕಂಬದ ಚಿತ್ರ ತೋರಿಸಿದ. ಗುಂಡಿ ಒತ್ತಿದರೆ ಮೇಲೇಳತ್ತೆ, ಫೋನಿನಿಂದಲೂ ಎಬ್ಬಿಸಬಹುದು, ಐದಾರು ಬಣ್ಣದಲ್ಲಿ ಬರತ್ತೆ.

"ಮೇಲೆದ್ದಾಗ ತುದಿಯಲ್ಲಿ ಎಷ್ಟು ಭಾರ ತಡೆಯತ್ತೆ?"

"ಆ ಡೀಟೇಲ್ ಇಂಜಿನಿಯರಿಂಗ್‌ನವರ ಹತ್ರ ಇರತ್ತೆ ಮೇಡಂ. ನಾನು ಮಾರ್ಕೆಟಿಂಗ್."

"ಬಣ್ಣದ ಡೀಟೇಲ್ ಮಾತ್ರ ನಿಮ್ಮ ಹತ್ರ?"

ಅವನು ವಿನಯದಿಂದ ಹೌದು ಅಂದ. ಅಷ್ಟು ವಿನಯವಾಗಿ ಒಪ್ಪಿಕೊಂಡವನನ್ನು ಇನ್ನೇನು ಬಯ್ಯುವುದು ಅಂತ ತಿಳಿಯದೆ ಅವಳು ಹೊರಗೆ ಬಂದಳು.

ಆಮೇಲೆ ಗುಜರಿಗಳು. ಮೊಬೈಲ್ ಕಂಪನಿಯವರು ಬಿಚ್ಚಿ ಎಸೆದ ದೈತ್ಯ ಗೋಪುರ ಒಂದು ಕಡೆ. ಅದನ್ನು ನಿಲ್ಲಿಸಿದರೆ ಮನೆಯನ್ನು ಅದರ ಕಾಲುಗಳ ನಡುವೆ ಕಟ್ಟಬೇಕಿತ್ತು. ಇನ್ನೊಂದು ಕಡೆ ಬೀದಿದೀಪದ ಕಂಬ, ಲಾರಿ ಗುದ್ದಿ ಸೊಂಟ ಮುರಿದದ್ದು. "ಬಿಸಿ ಮಾಡಿ ನೆಟ್ಟಗೆ ಮಾಡ್ಕೊಡ್ತೀನಿ," ಅಂದ ಅಲ್ಲಿಯ ಯಜಮಾನ. ಕೊನೆಗೆ ರೈಲು ಹಳಿಯ ಪಕ್ಕದ ಗುಜರಿಯಲ್ಲಿ ಅವಳಿಗೆ ಬೇಕಾದದ್ದು ಕಂಡಿತು: ಮುಚ್ಚಿಹೋದ ಟೆನಿಸ್ ಮೈದಾನದ ದೀಪದ ಕಂಬ. ದಪ್ಪ ಕೊಳವೆ, ಸತುವಿನ ಲೇಪ, ನಡುವಿನಲ್ಲಿ ಒಂದು ಕೀಲು. ಬುಡದ ಹತ್ತಿರದ ರಾಟೆ ತಿರುಗಿಸಿದರೆ ಮೇಲಿನರ್ಧ ಮಡಚಿಕೊಂಡು ತುದಿ ನೆಲಕ್ಕೆ ಬರುತ್ತಿತ್ತು. ಬಲ್ಬು ಬದಲಾಯಿಸುವವನು ಹತ್ತಬೇಕಾಗಿಲ್ಲ ಅಂತ ಮಾಡಿದ ಉಪಾಯ. ಹತ್ತುವುದೇ ಬೇಡವಾದರೆ ಇನ್ನೇನು ಬೇಕು? ಎಳೆತಂತಿಯೂ ಬೇಡ, ಅಂಗಳವೂ ಸಾಕು. ಅಷ್ಟು ಅಗಲದ ದೀಪಗಳನ್ನು ಗಾಳಿಯಲ್ಲಿ ಹೊತ್ತು ನಿಂತದ್ದಕ್ಕೆ ಅವಳ ಅಲ್ಯೂಮಿನಿಯಂ ಕಡ್ಡಿಗಳ ಆಂಟೆನಾ ಒಂದು ಲೆಕ್ಕವೇ ಅಲ್ಲ.

ಅವಳು ಕಂಬಕ್ಕೆ ಕಿವಿ ಹಚ್ಚಿ, ಬುಡದಿಂದ ತುದಿಯವರೆಗೆ ತಟ್ಟುತ್ತಾ ಹೋದಳು. ಗುಜರಿಯವನು ಬೀಡಿ ಸೇದುತ್ತಾ ನೋಡುತ್ತಿದ್ದ. "ಏನಮ್ಮ, ಕಂಬಕ್ಕೆ ಜ್ವರ ಗಿರ ಇದೆಯಾ?"

"ಇದಕ್ಕಿಲ್ಲ. ನಿಮ್ಮ ತಕ್ಕಡಿಗೆ ಇರೋ ಹಾಗಿದೆ. ನನ್ನ ಮುಂದೆ ತೂಗಿ."

ಕಂಬ ಮನೆಗೆ ಬಂತು. ಅಂಗಳದಲ್ಲಿ ಆಳವಾದ ಗುಂಡಿ ತೆಗೆಸಿ, ಕಂಬಿ ಕಟ್ಟಿಸಿ, ಬೋಲ್ಟುಗಳನ್ನು ನಿಲ್ಲಿಸಿ ಕಾಂಕ್ರೀಟ್ ಹಾಕಿಸಿದಳು. ಅದು ಗಟ್ಟಿಯಾಗುವವರೆಗೆ ಕಾಯಬೇಕಿತ್ತು. ಅಷ್ಟರಲ್ಲಿ ಒಂದು ದಿನ ಹೂಂಸಾರ್‌ನ ಹೆಂಡತಿ ಅಂಗಡಿಗೆ ಬಂದಳು. ಶಾಲಾ ಬಸ್ಸು ಓಡಿಸುವವಳು. ಗಟ್ಟಿ ಮೈಕಟ್ಟು, ಕಡಿಮೆ ಮಾತು. ಕನ್ನಡಕದ ಕಾಲು ಸಡಿಲವಾಗಿತ್ತು.

"ನಮ್ಮನೆಗೂ ಟವರ್ ಬಂತು ಅಕ್ಕ," ಅಂದಳು, ಕನ್ನಡಕದಕ್ಕ ಸ್ಕ್ರೂ ಬಿಗಿಯುತ್ತಿದ್ದಾಗ. "ಅಧ್ಯಕ್ಷರು ಕೊಟ್ರು. ಹೋದ ಭಾನುವಾರ ಎಲ್ಲ ಸೇರಿ ನಿಲ್ಲಿಸಿದ್ರು. ಮಳೆ ಬಂತಲ್ಲ, ಅದಕ್ಕೆ ಆಂಟೆನಾ ಕೂರಿಸೋದು ಉಳೀತು. ಈ ಭಾನುವಾರ ನಮ್ಮವರೇ ಹತ್ತಿ ಕೂರಿಸ್ತಾರಂತೆ."

ಕನ್ನಡಕದಕ್ಕನ ಕೈಯಲ್ಲಿದ್ದ ಸಣ್ಣ ಸ್ಕ್ರೂ ಜಾರಿ ಮೇಜಿನ ಕೆಳಗೆ ಹೋಯಿತು. ಹುಡುಕುವ ನೆವದಲ್ಲಿ ಬಗ್ಗಿದಳು. "ಬೆಳ್ಳಿ ಬಣ್ಣದ್ದಾ?" ಅಂತ ಮೇಜಿನ ಕೆಳಗಿನಿಂದಲೇ ಕೇಳಿದಳು.

"ಹೌದು. ಹೊಸದರ ಹಾಗಿದೆ."

ಅವತ್ತು ಸಂಜೆ ಅವಳು ಔಷಧದ ಅಂಗಡಿಗೆ ಹೋದಳು. ಮುಲಾಮಿನ ಡಬ್ಬಿಗಳನ್ನು ಜೋಡಿಸುತ್ತಿದ್ದ ಹೂಂಸಾರ್ ತಿರುಗಿ ನೋಡಿ ಮುಖ ಗಂಟಿಕ್ಕಿದ. ಅವಳು ಇದ್ದದ್ದು ಇದ್ದ ಹಾಗೆ ಹೇಳಿದಳು: ಕಾಲುಗಳು ಒಳಗಿಂದ ಕೊಳೆತಿವೆ, ಮೇಲೆ ಪುಟ್ಟಿ ತುಂಬಿ ಬಣ್ಣ ಹೊಡೆದಿದ್ದಾರೆ, ಹತ್ತಬೇಡಿ. ಇಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಅವಳ ನಾಲಿಗೆ ನಿಲ್ಲಬೇಕಲ್ಲ. "ಕಣ್ಣು ಮುಚ್ಚಿಕೊಂಡು ಯಾರೋ ಎಸೆದ ಎಂಜಲನ್ನ ಪ್ರಸಾದ ಅಂತ ತಗೋಬೇಡಿ," ಅಂತಲೂ ಸೇರಿಸಿದಳು.

ಹೂಂಸಾರ್ ಡಬ್ಬಿಗಳನ್ನು ಕೆಳಗಿಟ್ಟ. "ಮೇಡಂ, ಒಂದು ಕೇಳ್ತೀನಿ. ನೀವು ಹುಟ್ಟಿದಾಗಿನಿಂದ ಯಾವುದನ್ನಾದ್ರೂ ಚೆನ್ನಾಗಿದೆ ಅಂದಿದ್ದೀರಾ? ಕ್ಲಬ್ಬು ಸರಿ ಇಲ್ಲ, ಅಧ್ಯಕ್ಷರು ಸರಿ ಇಲ್ಲ, ನಾನು ಸರಿ ಇಲ್ಲ. ನನಗೆ ನೀವಿಟ್ಟ ಹೆಸರು ನನಗೆ ಗೊತ್ತಿಲ್ಲ ಅಂದ್ಕೊಂಡ್ರಾ? ನಿಮಗೆ ಕೊಡ್ತೀನಿ ಅಂದ ಟವರ್ ನನಗೆ ಬಂತು ಅಂತ ಹೊಟ್ಟೆಕಿಚ್ಚು. ಅಧ್ಯಕ್ಷರು ಮೊದಲೇ ಹೇಳಿದ್ರು, ಅವಳು ಬಂದು ಹೀಗೆ ಹೇಳ್ತಾಳೆ ಅಂತ."

ಅವಳು ತಿರುಗಿ ಅಂಗಡಿಯ ಮೆಟ್ಟಿಲಿಳಿದಳು. ದಾರಿಯುದ್ದಕ್ಕೂ ಉರಿಯುತ್ತಾ ಮನೆಗೆ ಬಂದಳು.

"ಬೀಳಲಿ," ಅಂದಳು ಗಂಡನಿಗೆ. "ನಾನು ಹೇಳೋದು ಹೇಳಿದೆ. ದಡ್ಡನಿಗೆ ಬಿದ್ದೇ ಬುದ್ಧಿ ಬರಬೇಕು ಅಂತಿದ್ರೆ ನಾನೇನು ಮಾಡಲಿ?"

ಗಂಡ ಕನ್ನಡಕ ತೆಗೆದು ಒರೆಸಿದ. "ನೀನು ಹೇಳಿದ್ರಲ್ಲಿ ಒಂದಕ್ಷರ ತಪ್ಪಿಲ್ಲ. ಗೋದಾಮಿಂದ ಬಂದ ದಿನ ಹೇಳಿದ್ದಿದ್ರೆ ಕೇಳ್ತಿದ್ನೋ ಏನೋ. ಈಗ ಕೇಳಲ್ಲ. ಅಂದ್ರೆ ಇನ್ನೊಂದು ಸಲ ಹೇಳಬೇಕು, ಅಷ್ಟೇ."

"ಅವನ ಕಾಲು ಹಿಡೀಲಾ?"

"ಟವರಿನ ಕಾಲು ಹಿಡಿ ಸಾಕು."

ಭಾನುವಾರ ಅವಳು ಬ್ಯಾಗಿನಲ್ಲಿ ಒಂದು ಉದ್ದನೆಯ ಸ್ಕ್ರೂಡ್ರೈವರ್ ಹಾಕಿಕೊಂಡು ಹೂಂಸಾರ್‌ನ ಮನೆಗೆ ಹೋದಳು. ಮನೆಯ ಹಿಂದಿನ ಜಾಗದಲ್ಲಿ ಟವರ್ ನಿಂತಿತ್ತು, ಬಿಸಿಲಿಗೆ ಕಣ್ಣು ಕುಕ್ಕುವ ಹಾಗೆ. ಮೂರು ಕಡೆಗೆ ತಂತಿ ಬಿಗಿದಿದ್ದರು. ಅದು ಹಡಗಜ್ಜನ ಕೆಲಸ. ಆ ಪುಣ್ಯಕ್ಕೆ ಇನ್ನೂ ನಿಂತಿತ್ತು. ಬುಡದಲ್ಲಿ ಅಧ್ಯಕ್ಷನ ಹೆಸರಿನ ಬೋರ್ಡು. ಸಣ್ಣದು ಅಂದಿದ್ದ, ಊಟದ ತಟ್ಟೆಗಿಂತ ದೊಡ್ಡದಿತ್ತು. ಹೂಂಸಾರ್ ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡು ಸಿದ್ಧನಾಗಿದ್ದ. ಕ್ಲಬ್ಬಿನವರು ಕುರ್ಚಿ ಹಾಕಿಕೊಂಡು ಕೂತಿದ್ದರು, ಸರ್ಕಸ್ ನೋಡುವವರ ಹಾಗೆ.

ಅವಳು ನೆಟ್ಟಗೆ ಅಧ್ಯಕ್ಷನ ಮುಂದೆ ಹೋಗಿ ನಿಂತಳು. "ಇದನ್ನ ಎಷ್ಟೋ ವರ್ಷ ಹತ್ತಿ ಇಳಿದವರು ನೀವು. ಹೊಸಬರು ಪಾಪ, ಹೆದರ್ತಾರೆ. ಮೊದಲು ನೀವೇ ಒಂದು ಸಲ ಹತ್ತಿ ತೋರಿಸಿ."

"ನಮಗೆ ಮಂಡಿ ನೋವು."

"ಅರ್ಧಕ್ಕೆ ಹತ್ತಿ."

"ಡಾಕ್ಟರ್ ಬೇಡ ಅಂದಿದ್ದಾರೆ."

"ಒಂದೇ ಮೆಟ್ಟಿಲು. ಮೊದಲನೇದು. ನೆಲದಿಂದ ಮೊಳ ಎತ್ತರ."

ಅಧ್ಯಕ್ಷ ಕುರ್ಚಿಯಿಂದ ಏಳಲಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿದರು. ಹೂಂಸಾರ್‌ನ ಹೆಂಡತಿ ಹಿಂಬಾಗಿಲಲ್ಲಿ ನಿಂತು, ಅಧ್ಯಕ್ಷನ ಮಂಡಿಯನ್ನೇ ದಿಟ್ಟಿಸುತ್ತಿದ್ದಳು. ಆಗ ಹೂಂಸಾರ್ ಸಿಟ್ಟಿನಿಂದ, "ಅವರನ್ನ ಅವಮಾನ ಮಾಡೋಕೆ ನಮ್ಮನೇ ಬೇಕಿತ್ತಾ ನಿಮಗೆ?" ಅಂದವನೇ ಸರಸರ ಟವರ್ ಹತ್ತತೊಡಗಿದ. ಆಳೆತ್ತರಕ್ಕೆ ಹೋದ. ಟವರ್ ಕಿರ್ ಅಂತ ಸದ್ದು ಮಾಡಿತು.

ಕನ್ನಡಕದಕ್ಕ ಮಂಡಿಯೂರಿ ಕೂತು, ಕಾಂಕ್ರೀಟಿನಿಂದ ಒಂದು ಗೇಣು ಮೇಲಕ್ಕೆ, ಟವರಿನ ಕಾಲಿಗೆ ಸ್ಕ್ರೂಡ್ರೈವರ್ ಇಟ್ಟು ಅಂಗೈಯಿಂದ ಒಂದು ಏಟು ಕೊಟ್ಟಳು. ಸ್ಕ್ರೂಡ್ರೈವರ್ ಹಿಡಿಯವರೆಗೂ ಒಳಗೆ ಹೋಯಿತು. ಹೊರಗೆ ಎಳೆದಾಗ ತೂತಿನಿಂದ ಕೆಂಪನೆಯ ತುಕ್ಕಿನ ನೀರು ಚಿಮ್ಮಿ, ಬೆಳ್ಳಿ ಬಣ್ಣದ ಮೇಲೆ ಹರಿದು, ಅಧ್ಯಕ್ಷನ ಹೆಸರನ್ನು ತೋಯಿಸಿತು.

"ಇಳೀರಿ!" ಅಂತ ಹೆಂಡತಿ ಕೂಗಿದಳು.

ಹೂಂಸಾರ್ ಕೆಳಗೆ ನೋಡಿದ. ಹೆಂಡತಿಯನ್ನಲ್ಲ, ಅಧ್ಯಕ್ಷನನ್ನು.

"ಅದು ಬರೀ ಮಳೆ ನೀರು," ಅಂದ ಅಧ್ಯಕ್ಷ ಕುರ್ಚಿಯಿಂದಲೇ. "ಹತ್ತು, ಏನೂ ಆಗಲ್ಲ."

"ಹೂಂ ಸಾರ್," ಅಂತ ಆ ಪುಣ್ಯಾತ್ಮ ಇನ್ನೊಂದು ಮೆಟ್ಟಿಲಿಗೆ ಕಾಲೆತ್ತಿದ.

ಅಷ್ಟರಲ್ಲಿ ಹೆಂಡತಿ ಓಡಿಬಂದು, ಜಿಗಿದು, ಅವನ ಬೆಲ್ಟಿನ ಹಿಂಭಾಗ ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. ದಿನಾ ಬಸ್ಸಿನ ಗೇರು ಎಳೆಯುವ ಕೈ ಅದು. ಗಂಡ ಹೆಂಡತಿ ಇಬ್ಬರೂ ಕೆಸರಿನಲ್ಲಿ ಒಬ್ಬರ ಮೇಲೊಬ್ಬರು ಬಿದ್ದರು. ಅದೇ ಜಗ್ಗಾಟಕ್ಕೆ ತೂತು ಬಿದ್ದ ಕಾಲು ಮೆಲ್ಲಗೆ ಒಳಕ್ಕೆ ಮಡಚಿಕೊಂಡಿತು. ಟವರ್ ಒಂದು ಕಡೆಗೆ ವಾಲಿ, ಎಳೆತಂತಿಗಳ ಆಸರೆಯಲ್ಲಿ ಕುಡುಕನ ಹಾಗೆ ನೇತಾಡಿಕೊಂಡು ನಿಂತಿತು. ಕುರ್ಚಿಗಳು ಖಾಲಿಯಾದವು. ಅಧ್ಯಕ್ಷ ಗೇಟಿನ ಹತ್ತಿರ ಎಲ್ಲರಿಗಿಂತ ಮೊದಲು ಹೋಗಿ ಮುಟ್ಟಿದ್ದ. ಮಂಡಿ ಏನೂ ಅಡ್ಡಿ ಮಾಡಿರಲಿಲ್ಲ.

ಓಡದೆ ಉಳಿದವನು ಹಡಗಜ್ಜ ಒಬ್ಬನೇ. ಅವನೇ ಕೂಗಿ ಕೂಗಿ ಹೇಳಿ, ಒಂದೊಂದೇ ತಂತಿ ಸಡಿಲಿಸಿ, ಕತ್ತಲಾಗುವುದರೊಳಗೆ ಆ ಹೊಳೆಯುವ ಹೆಣವನ್ನು ನೆಲಕ್ಕೆ ಇಳಿಸಿದ.

ಇದಾದ ಮೇಲೆ ಎಲ್ಲರಿಗೂ ಕಣ್ಣು ತೆರೆಯಿತು ಅಂದುಕೊಂಡರೆ ಕ್ಲಬ್ಬು ಗೊತ್ತಿಲ್ಲದವರ ಮಾತು. ಮುಂದಿನ ಸಭೆಯಲ್ಲಿ ಚುನಾವಣೆಯೂ ಇತ್ತು; ಅಲ್ಲಿ ಅಧ್ಯಕ್ಷ, ಚೆನ್ನಾಗಿದ್ದ ಟವರಿಗೆ ಒಬ್ಬರು ಬೇಕಂತಲೇ ತೂತು ಕೊರೆದು ಹಾಳು ಮಾಡಿದರು ಅಂತ ನೊಂದು ಮಾತಾಡಿದ. ಅರ್ಧ ಜನ ನಂಬಿದರು. ಉಳಿದರ್ಧ ನಂಬಲಿಲ್ಲ, ಆದರೆ ಅವನಿಗೇ ಓಟು ಹಾಕಿದರು. ಹೂಂಸಾರ್ ಸೊಂಟ ಹಿಡಿದುಕೊಂಡೇ ಎದ್ದು ನಿಂತು ಅಧ್ಯಕ್ಷನ ಹೆಸರು ಸೂಚಿಸಿದ. ಕನ್ನಡಕದಕ್ಕನನ್ನು ಕಂಡರೆ ಅವನು ರಸ್ತೆ ದಾಟತೊಡಗಿದ. ಜೀವ ಉಳಿಸಿದ್ದಕ್ಕಿಂತ, ಎಲ್ಲರ ಮುಂದೆ ಹೆಂಡತಿ ಕೈಯಲ್ಲಿ ಕೆಸರಿಗೆ ಬೀಳಿಸಿದ್ದು ಅವನಿಗೆ ದೊಡ್ಡದಾಗಿತ್ತು. ಕನ್ನಡಕದಕ್ಕ ಕ್ಲಬ್ಬಿಗೆ ರಾಜೀನಾಮೆ ಕೊಟ್ಟಳು. ಅದನ್ನು ಒಪ್ಪಿಕೊಂಡಷ್ಟು ಬೇಗ ಆ ಕ್ಲಬ್ಬು ಬೇರೆ ಯಾವ ತೀರ್ಮಾನವನ್ನೂ ತೆಗೆದುಕೊಂಡಿರಲಿಲ್ಲ.

ಕಾಂಕ್ರೀಟ್ ಗಟ್ಟಿಯಾಯಿತು. ಈಗ ಕಂಬ ಎಬ್ಬಿಸಲು ಕೈ ಬೇಕಲ್ಲ? ಕರೆಯೋಣವೆಂದರೆ ಬಯ್ಯದೆ ಬಿಟ್ಟವರು ಯಾರೂ ಇರಲಿಲ್ಲ. ಗಂಡ ತೋಳು ಮಡಚಿಕೊಂಡು ನಿಂತ. ಆ ತೋಳಿನಲ್ಲಿ ಇದ್ದದ್ದು ಪೆನ್ಸಿಲ್ ಹಿಡಿಯುವಷ್ಟು ಬಲ. ಕಂಬವನ್ನು ನೋಡಿದಳು, ಗಂಡನನ್ನು ನೋಡಿದಳು, ಸುಮ್ಮನೆ ಒಳಗೆ ಹೋಗಿ ಚಹಾ ಮಾಡಿದಳು. ಆಗ ಗೇಟು ಸದ್ದಾಯಿತು. ಹಡಗಜ್ಜ ಹಗ್ಗದ ಸುರುಳಿ ಹೆಗಲಿಗೆ ಹಾಕಿಕೊಂಡು ಬಂದಿದ್ದ. ಹಿಂದೆ ಸ್ಪ್ಯಾನರಿನ ಪೆಟ್ಟಿಗೆ ಹಿಡಿದುಕೊಂಡು ಹೂಂಸಾರ್‌ನ ಹೆಂಡತಿ.

"ನಿಮ್ಮೆಜಮಾನ್ರಿಗೆ ಗೊತ್ತಾ ನೀನು ಬಂದಿದ್ದು?"

"ಗೊತ್ತು. ಹೋಗಬೇಡ ಅಂದ್ರು." ಅವಳು ಪೆಟ್ಟಿಗೆ ಕೆಳಗಿಟ್ಟು ಬೋಲ್ಟುಗಳನ್ನು ನೋಡಿದಳು. "ನಿಮ್ಮ ಮಾತು ನನಗೂ ಸೇರಲ್ಲ ಅಕ್ಕ. ಮನೇಲಿ ನಮ್ಮವರು ನೀವಿಟ್ಟ ಆ ಹೆಸರನ್ನೇ ಹೇಳ್ಕೊಂಡು ಅಳ್ತಿದ್ರು, ಅದನ್ನ ನಾನು ನೋಡಿದ್ದೀನಿ. ಆದ್ರೆ ಆ ದಿನ ಅಷ್ಟು ಜನದಲ್ಲಿ ಅವರನ್ನ ತಡೆಯೋಕೆ ಅಂತ ಬಂದಿದ್ದು ನೀವೊಬ್ಬರೇ."

ಕನ್ನಡಕದಕ್ಕ ಏನೋ ಹೇಳಲು ಬಾಯಿ ತೆರೆದಳು.

"ಈಗ ಸ್ವಲ್ಪ ಸುಮ್ನಿದ್ದು ಹಗ್ಗ ಹಿಡ್ಕೊಳಿ," ಅಂದಳು ಬಸ್ಸಿನವಳು.

ಕನ್ನಡಕದಕ್ಕ ಹಗ್ಗ ಹಿಡಿದುಕೊಂಡಳು. ಬುಡವನ್ನು ಬೋಲ್ಟುಗಳ ಮೇಲೆ ಕೂರಿಸಿ, ಕೆಳಗಿನರ್ಧ ನೆಟ್ಟಗೆ ನಿಲ್ಲಿಸುವ ಹೊತ್ತಿಗೆ ಎಲ್ಲರ ಬೆನ್ನೂ ಮುರಿದಿತ್ತು. ಗಂಡನ ಅಂಗೈ ಸುಲಿದುಹೋಯಿತು. ಅವನು ಅದನ್ನು ಹೆಮ್ಮೆಯಿಂದ ಎಲ್ಲರಿಗೂ ತೋರಿಸಿದ. ಹಡಗಜ್ಜ ಎಳೆತಂತಿ ಇಲ್ಲದ ಕಂಬ ಕಂಬವೇ ಅಲ್ಲ ಅಂತ ಗೊಣಗುತ್ತಲೇ ದಾರ ಇಳಿಬಿಟ್ಟು ನೇರ ನೋಡಿದ. ಆಂಟೆನಾವನ್ನು ನೆಲದ ಮೇಲೆ ನಿಂತೇ ತುದಿಗೆ ಕಟ್ಟಿದರು. ಬಸ್ಸಿನವಳು ರಾಟೆ ತಿರುಗಿಸಿದಳು. ಮೇಲಿನರ್ಧ ನಿಧಾನವಾಗಿ ಎದ್ದು, ಪಕ್ಕದ ಮನೆಯ ಛಾವಣಿ ದಾಟಿ, ಆಕಾಶಕ್ಕೆ ನೆಟ್ಟಗಾಯಿತು. ಪಕ್ಕದ ಮನೆಯಾತ ಗೋಡೆಯ ಮೇಲಿಂದ ಇಣುಕಿದ, ಬಾಯಿ ತೆರೆದ, ಕನ್ನಡಕದಕ್ಕನ ಮುಖ ನೋಡಿ ಮುಚ್ಚಿಕೊಂಡ.

ಎಲ್ಲರೂ ಹೋದ ಮೇಲೆ ಅವಳು ಒಳಗೆ ಬಂದು ರೇಡಿಯೋ ಹಚ್ಚಿದಳು. ಇಷ್ಟು ದಿನ ಸತ್ತಂತೆ ಬಿದ್ದಿದ್ದ ಪೆಟ್ಟಿಗೆ ಒಮ್ಮೆಲೇ ಸಂತೆಯಾಯಿತು. ಒಬ್ಬ ತನ್ನ ಹೊಸ ಯಂತ್ರದ ಬೆಲೆ ಹೇಳುತ್ತಿದ್ದ. ಇನ್ನೊಬ್ಬ ತನ್ನ ಟವರಿನ ಎತ್ತರ. ಮೂರನೆಯವನು ಅವರಿಬ್ಬರಿಗೂ ಹೂಂಗುಟ್ಟುತ್ತಿದ್ದ. "ಎಲ್ಲಾ ಕಡೆ ಇದೇ ಜಾತಿ," ಅನ್ನುತ್ತಾ ಅವಳು ಗುಂಡಿ ತಿರುಗಿಸಿದಳು. ಕೊನೆಗೆ ಒಂದು ಮೂಲೆಯಲ್ಲಿ, ಗದ್ದಲದ ಅಡಿಯಲ್ಲಿ, ಸಣ್ಣಗೆ ಟಿಕ್ ಟಿಕ್ ಅಂತ ಅಕ್ಷರಗಳನ್ನು ಕುಟ್ಟಿ ಕಳಿಸುವ ಮೋರ್ಸ್ ಸಂಕೇತ ಕೇಳಿತು. ಯಾರೋ ತಡವರಿಸುತ್ತಾ, ತಪ್ಪುತ್ತಾ, ಮತ್ತೆ ಮೊದಲಿನಿಂದ ಶುರು ಮಾಡುತ್ತಾ, ಕೇಳುವವರು ಯಾರಾದರೂ ಇದ್ದೀರಾ ಅಂತ ಕರೆಯುತ್ತಿದ್ದರು.

"ಯಾರದು?" ಅಂದ ಗಂಡ, ಸುಲಿದ ಅಂಗೈಗೆ ಮುಲಾಮು ಹಚ್ಚಿಕೊಳ್ಳುತ್ತಾ.

"ಯಾರೋ ಹೊಸಬ. ಕೈಯಲ್ಲಿ ಒಂದು ಚೂರೂ ಹಿಡಿತ ಇಲ್ಲ."

ಅವಳು ಮೋರ್ಸ್ ಕುಟ್ಟುವ ಕೀಲಿಯ ಮೇಲೆ ಬೆರಳಿಟ್ಟು ಉತ್ತರ ಕೊಟ್ಟಳು. ಆ ಕಡೆಯವನಿಗೆ ಅರ್ಥವಾಗಲಿಲ್ಲ. ಮತ್ತೊಮ್ಮೆ ಹೇಳಿ ಅಂತ ಕೇಳಿದ. ಅವಳು ನಾಲಿಗೆ ಲೊಚಗುಟ್ಟಿ, ಅದನ್ನೇ ಇನ್ನಷ್ಟು ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ ಕಳಿಸಿದಳು.